ನಿಯಮ ಮೊದಲು ಬಂತೇ, ಲೆಕ್ಕ ಮೊದಲು ಬಂತೇ?

ಕಳೆದ ಟೆಸ್ಟಿನಲ್ಲಿ ಮ್ಯಾಟ್ರಿಕ್ಸ್ ಲೆಕ್ಕದಲ್ಲಿ ಎ × ಬಿ ಮಾಡುವ ಬದಲು ಬಿ × ಎ ಮಾಡಿ ಅಂಕ ಕಳೆದುಕೊಂಡೆ. ಎರಡು ಮೂರಲಿ ಆರು, ಮೂರು ಎರಡಲಿ ಆರು. ಇಲ್ಲಿ ಮಾತ್ರ ಯಾಕೆ ಹಾಗಲ್ಲ ಎಂದು ಟ್ಯೂಷನ್‌ನಲ್ಲಿ ಕೇಳಿದೆ. "ಅದು ರೂಲು, ಬರ್ಕೋ" ಎಂದರು. ಬರೆದುಕೊಂಡೆ.

ಆಲ್ಜೀಬ್ರಾ ಎಂಬ ಹೆಸರು ಬಂದದ್ದು ಅಲ್-ಖ್ವಾರಿಜ್ಮಿಯ ಪುಸ್ತಕದ ಹೆಸರಿನಲ್ಲಿರುವ 'ಅಲ್-ಜಬ್ರ್' ಎಂಬ ಪದದಿಂದ. ಅಲ್ಲಿ ಅದರ ಅರ್ಥ ಮತ್ತೆ ಸರಿಪಡಿಸುವುದು. ನಮ್ಮ ಮನೆಯ ಉರ್ದುವಿನಲ್ಲಿ ಜಬ್ರ್ ಎಂದರೆ ಬಲವಂತ. ನಮಗೆ ಪಾಠ ಆಗುತ್ತಿರುವುದು ಈ ಎರಡನೇ ಅರ್ಥದಲ್ಲೇ ಎಂದು ನನಗೆ ಅನಿಸುತ್ತದೆ.

ಪುಸ್ತಕದಲ್ಲಿ ನಿಯಮ ಮೊದಲು, ಉದಾಹರಣೆ ಆಮೇಲೆ. ಇತಿಹಾಸ ನೋಡಿದರೆ ಎಲ್ಲಾ ಉಲ್ಟಾ. ಡಬ್ಲಿನ್‌ನ ಹ್ಯಾಮಿಲ್ಟನ್ ಮೂರು ಮೂರು ಸಂಖ್ಯೆಗಳ ಗುಂಪನ್ನು ಒಂದೇ ಸಂಖ್ಯೆಯಂತೆ ಗುಣಿಸಲು ವರ್ಷಗಟ್ಟಲೆ ಒದ್ದಾಡಿದರು. ಕೂಡಿಸುವುದು ಸುಲಭವಾಯಿತು, ಗುಣಾಕಾರ ಬಗ್ಗಲಿಲ್ಲ. 1843ರ ಅಕ್ಟೋಬರ್ 16ರಂದು ಹೆಂಡತಿಯ ಜೊತೆ ಕಾಲುವೆ ಪಕ್ಕ ನಡೆದು ಹೋಗುವಾಗ ದಾರಿ ಹೊಳೆಯಿತು: ಮೂರಲ್ಲ, ನಾಲ್ಕು ಬೇಕು, ಜೊತೆಗೆ ಪರಿವರ್ತನೀಯ ನಿಯಮವನ್ನು ಬಿಡಬೇಕು. ಐ × ಜೆ ಮಾಡಿದರೆ ಕೆ, ಜೆ × ಐ ಮಾಡಿದರೆ ಮೈನಸ್ ಕೆ. ಆ ಖುಷಿಗೆ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಸೂತ್ರ ಕೆತ್ತಿದರಂತೆ! ಹಾಗೆಂದು ಎಲ್ಲವನ್ನೂ ಗಾಳಿಗೆ ತೂರಲಿಲ್ಲ. ಸಹವರ್ತನೀಯ ನಿಯಮವನ್ನು ಭದ್ರವಾಗಿ ಉಳಿಸಿಕೊಂಡರು.

'ಗ್ರೂಪ್' ಕಥೆಯೂ ಅಷ್ಟೇ. 1832ರಲ್ಲಿ ಇಪ್ಪತ್ತನೇ ವಯಸ್ಸಿಗೇ ತೀರಿಕೊಂಡ ಗಾಲ್ವಾ ಆ ಪದವನ್ನು ಬಳಸಿದ್ದರು. 1854ರಲ್ಲಿ, ಆಗ ವಕೀಲರಾಗಿದ್ದ ಕೇಲಿ, ಒಳಗಿರುವ ವಸ್ತು ಯಾವುದೆಂದು ಹೇಳದೆ ಅದರ ನಿಯಮ ಬರೆಯಲು ನೋಡಿದರು. ಹೆಚ್ಚು ಜನ ಗಮನ ಕೊಡಲಿಲ್ಲ. ವೇಬರ್ ಮತ್ತು ಡೈಕ್ ಅದನ್ನು ಸ್ವಯಂಸಿದ್ಧಗಳಾಗಿ ಬರೆದದ್ದು 1882ರಲ್ಲಿ. ಅಂದರೆ ಐವತ್ತು ವರ್ಷ ಜನ ಮೊದಲು ಲೆಕ್ಕ ಮಾಡಿದರು, ನಂತರ ಕಾನೂನು ಬಂತು. 1921ರಲ್ಲಿ ಎಮ್ಮಿ ನೋತರ್ ಕೆಲವೇ ನಿಯಮಗಳಿಂದ ಎಷ್ಟು ದೂರ ಹೋಗಬಹುದೆಂದು ತೋರಿಸಿದರು. ಹೆಣ್ಣೆಂಬ ಕಾರಣಕ್ಕೆ ಮೊದಲು ಹಿಲ್ಬರ್ಟ್ ಹೆಸರಿನಲ್ಲಿ ಪಾಠ ಮಾಡಬೇಕಾಗಿದ್ದ ಅವರನ್ನು 1933ರಲ್ಲಿ ಯಹೂದಿ ಎಂದು ಕೆಲಸದಿಂದಲೇ ತೆಗೆದರು. ಅವರ ಬಗ್ಗೆ ಬೇರೆಯೇ ಲೇಖನ ಬೇಕು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಬ್ಬಾ ಅವರ ಬಟ್ಟೆ ಅಂಗಡಿಯಲ್ಲಿ. 500 ರೂಪಾಯಿಯ ಬಟ್ಟೆಗೆ ಮೊದಲು 50 ರೂಪಾಯಿ ಇಳಿಸಿ, ಆಮೇಲೆ ಶೇ. 10 ಡಿಸ್ಕೌಂಟ್ ಕೊಟ್ಟರೆ 405. ಮೊದಲು ಶೇ. 10, ಆಮೇಲೆ 50 ಇಳಿಸಿದರೆ 400. ಎರಡು ಕೆಲಸಗಳ ಸರದಿ ಬದಲಾದರೆ ಬೆಲೆ ಬದಲಾಗುತ್ತದೆ. ಮ್ಯಾಟ್ರಿಕ್ಸ್ ಗುಣಾಕಾರವೂ ಒಂದು ಕೆಲಸದ ಮೇಲೆ ಇನ್ನೊಂದು ಕೆಲಸ ಮಾಡುವುದೇ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು.

"ಇದಕ್ಕೆಲ್ಲಾ ಮಾರ್ಕ್ಸ್ ಇಲ್ಲ ಕಣೇ" ಎನ್ನುತ್ತಾಳೆ ನನ್ನ ಗೆಳತಿ. ಇಲ್ಲ, ನಿಜ. ಸಿಲಬಸ್ ಮುಗಿಸಲು ನಿಯಮವನ್ನು ಮೊದಲೇ ಹೇಳುವುದೇ ಬೇಗ, ಅದನ್ನೂ ಒಪ್ಪುತ್ತೇನೆ. ಆದರೆ ಯಾಕೆ ಎಂದು ತಿಳಿದ ಮೇಲೆ ಆ ತಪ್ಪನ್ನು ನಾನು ಮತ್ತೆ ಮಾಡಿಲ್ಲ. ನಮ್ಮ ಮ್ಯಾಥ್ಸ್ ಲೆಕ್ಚರರ್‌ಗಳಲ್ಲಿ ಒಂದು ವಿನಂತಿ: ಹೊಸ ಅಧ್ಯಾಯದ ಮೊದಲ ದಿನ, ನಿಯಮಗಳನ್ನು ಬೋರ್ಡಿಗೆ ಬರೆಯುವ ಮುಂಚೆ, ಅವು ಯಾರಿಗೆ ಯಾಕೆ ಬೇಕಾದವು ಎಂದು ಹತ್ತು ನಿಮಿಷ ಹೇಳಿ. ಕಾಮರ್ಸ್ ಸೆಕ್ಷನ್‌ನವರಿಗೂ.