ಹಾಸ್ಟೆಲಿಗೆ ಬೀಗ, ಪೆಂಡಾಲಿಗೆ ದೀಪ

"ಪೆಂಡಾಲಿನ ಬಾಗಿಲು ತೆರೆದೇ ಇದೆಯಲ್ಲ, ಬರಬೇಡಿ ಅಂತ ನಿಮ್ಮನ್ನ ತಡೆದವರು ಯಾರು?"

ಬೇಸಿಗೆಯ ಸಂಗೀತೋತ್ಸವಗಳ ಬಗ್ಗೆ ಕೇರಿಯ ಹುಡುಗ ಒಂದು ಮಾತೆತ್ತಿದರೆ ಸಾಕು, ಈ ಪ್ರಶ್ನೆ ತಯಾರಾಗಿ ನಿಂತಿರುತ್ತದೆ. ಕೇಳುವವರೆಲ್ಲ ಕೆಟ್ಟವರೇನಲ್ಲ. ಓದಿದವರು, ಒಳ್ಳೆಯ ಮಾತಾಡುವವರು, ಕೆಲವರು ನಮ್ಮ ಸಭೆಗಳಿಗೂ ಬಂದು ಕೂರುವವರು. ಅವರು ನಿಜವಾಗಿಯೂ ಹಾಗೇ ನಂಬಿದ್ದಾರೆ. ಅದಕ್ಕೇ ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಯುಗಾದಿಯಿಂದ ಒಂಬತ್ತನೇ ದಿನ ರಾಮನವಮಿ. ಮಾರ್ಚ್ ಕೊನೆಗೋ ಏಪ್ರಿಲಿನಲ್ಲೋ ಬರುತ್ತದೆ. ಅಲ್ಲಿಂದ ಶುರುವಾಗಿ ವಾರಗಟ್ಟಲೆ ಬೆಂಗಳೂರು, ಮೈಸೂರುಗಳಲ್ಲಿ ಸಂಜೆಯಾದರೆ ಕಚೇರಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಹುಟ್ಟುಹಾಕಿದ ಉತ್ಸವ ಇವುಗಳಲ್ಲಿ ದೊಡ್ಡ ಹೆಸರು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ದಶಕಗಳ ಕಾಲ ದೇಶದ ದೊಡ್ಡ ದೊಡ್ಡ ವಿದ್ವಾಂಸರು ಹಾಡಿದ್ದಾರೆ, ನುಡಿಸಿದ್ದಾರೆ. ಸಂಗೀತದ ಹುಚ್ಚಿರುವವರಿಗೆ ಬೇಸಿಗೆ ಅಂದರೆ ಇದೇ. ನಾನು ಯಾವುದೋ ಒಂದು ಮಂಡಳಿಯ ಮೇಲೆ ದೂರು ಬರೆಯಲು ಕೂತಿಲ್ಲ. ಒಂದು ಪೆಂಡಾಲಿನ ಬಾಗಿಲು ಕಾಯುವವನನ್ನು ಬೈದರೆ ಆಗುವುದೇನೂ ಇಲ್ಲ. ನಮ್ಮನ್ನು ತಡೆಯುವುದು ಅವನಲ್ಲ.

ಹಾಗಾದರೆ ತಡೆಯುವುದು ಏನು? ಕ್ಯಾಲೆಂಡರು ತೆಗೆದು ನೋಡಿ.

ನನಗೆ ಗೊತ್ತಿರುವ ಹುಡುಗನೊಬ್ಬ ನಗರದಲ್ಲಿ ಪಿಯುಸಿ ಓದುತ್ತಿದ್ದ. ಅಪ್ಪ ಊರಲ್ಲಿ ತಮಟೆ ಬಡಿಯುವವನು. ಮಗ ಹಾಸ್ಟೆಲಿನ ಮಂಚದ ಮೇಲೆ ಕೂತು, ಫೋನಿನ ವೈರು ಕಿವಿಗೆ ಸಿಕ್ಕಿಸಿಕೊಂಡು ಮೃದಂಗದ ತನಿ ಆವರ್ತನ ಕೇಳುತ್ತಿದ್ದ. ಬೆರಳು ತೊಡೆಯ ಮೇಲೆ ತಾನಾಗಿ ಓಡುತ್ತಿತ್ತು. ಒಂದೇ ಒಂದು ಸಂಜೆ ಎದುರಿಗೆ ಕೂತು ಕೇಳಬೇಕು ಅನ್ನೋದು ಅವನ ಆಸೆ. ಮಾರ್ಚಿನಲ್ಲಿ ಪರೀಕ್ಷೆ ಮುಗಿಯಿತು. ರೂಮು ಖಾಲಿ ಮಾಡಿ ಅಂದರು, ಹಾಸ್ಟೆಲಿಗೆ ಬೀಗ ಬಿತ್ತು. ಪೆಂಡಾಲಿಗೆ ಸೀರಿಯಲ್ ಸೆಟ್ಟು ಕಟ್ಟುವ ಹೊತ್ತಿಗೆ ಅವನು ಊರಿನ ಹತ್ತಿರ ಇಟ್ಟಿಗೆ ಗೂಡಿನಲ್ಲಿ ಕೂಲಿಗೆ ನಿಂತಿದ್ದ. ಎರಡು ವರ್ಷವೂ ಹೀಗೇ ಆಯಿತು. ಹತ್ತು ತಿಂಗಳು ನಗರದಲ್ಲಿದ್ದವನು ನಗರ ಹಾಡುವ ತಿಂಗಳಲ್ಲಿ ಮಾತ್ರ ಅಲ್ಲಿಲ್ಲ.

ಯಾರಾದರೂ ಅವನನ್ನು ತಡೆದರಾ? ಇಲ್ಲ. ಬಾಗಿಲು ಮುಚ್ಚಿತ್ತಾ? ಇಲ್ಲ. ಆದರೂ ಅವನು ಒಳಗೆ ಬರಲಿಲ್ಲ. ಗೆಳೆಯರೇ, ಈಗಿನ ಜಾತಿ ಕೆಲಸ ಮಾಡುವ ರೀತಿ ಇದು. ಮೊದಲಿನ ಹಾಗೆ ಎದೆಯ ಮೇಲೆ ಕೈಯಿಟ್ಟು ನೂಕುವುದಿಲ್ಲ. ಹಾಸ್ಟೆಲಿನ ಬೀಗ, ಕೂಲಿಯ ಲೆಕ್ಕ, ಕೊನೆಯ ಬಸ್ಸಿನ ಹೊತ್ತು, ಇವನ್ನೆಲ್ಲ ಸಾಲಾಗಿ ನಿಲ್ಲಿಸಿ ತಾನು ಮರೆಗೆ ಹೋಗುತ್ತದೆ.

ಬಸ್ಸಿನ ಮಾತನ್ನೂ ಕೇಳಿ. ಕಚೇರಿ ಶುರುವಾಗುವುದು ಸಂಜೆ. ತನಿ ಆವರ್ತನ ಬರುವುದು ಮುಖ್ಯ ಕೃತಿ ಹಾಡಿ ಮುಗಿಸಿದ ಮೇಲೆ, ಕಚೇರಿ ಅರ್ಧಕ್ಕಿಂತ ಮುಂದೆ ಹೋದಾಗ. ಹಳ್ಳಿಯಿಂದ ಬಂದವನಿಗೆ ಎದ್ದು ಓಡುವ ಹೊತ್ತು ಅದು. ಯಾವುದಕ್ಕಾಗಿ ಬಂದನೋ ಅದು ಶುರುವಾಗುವಾಗ ಅವನು ಬಸ್ ಸ್ಟ್ಯಾಂಡಿನಲ್ಲಿ ಇರಬೇಕು. ಕಾರಿನಲ್ಲಿ ಬಂದವರಿಗೆ ಇದು ಹೊಳೆಯುವುದೇ ಇಲ್ಲ. ತನಿ ಆವರ್ತನದ ಹೊತ್ತಿಗೆ ಅವರು ಕಾಫಿ ಕುಡಿಯಲು ಎದ್ದು ಹೋಗುತ್ತಾರೆ!

ಹಳ್ಳಿ ಮೇಷ್ಟ್ರುಗಳ ಪಾಡೂ ಅಷ್ಟೇ. ಬೇಸಿಗೆ ರಜ ಅಂತ ಹೆಸರು. ಮೌಲ್ಯಮಾಪನ, ಗಣತಿ, ಚುನಾವಣೆ ಎಲ್ಲ ಆಗಲೇ ಬಂದು ಬೀಳುತ್ತವೆ. 2024ರಲ್ಲಿ ಏಪ್ರಿಲ್ 26 ಮತ್ತು ಮೇ 7ರಂದು ನಮ್ಮ ರಾಜ್ಯದಲ್ಲಿ ಲೋಕಸಭೆ ಚುನಾವಣೆಯ ಮತದಾನ ನಡೆಯಿತು. ಮತಗಟ್ಟೆಗಳಲ್ಲಿ ಕೂತ ಮೇಷ್ಟ್ರುಗಳಲ್ಲಿ ಹಾಡು ಕೇಳುವ ಆಸೆಯಿದ್ದವರು ಒಬ್ಬರೂ ಇರಲಿಲ್ಲ ಅಂತ ಯಾರಾದರೂ ಹೇಳಬಲ್ಲರೇ?

"ಪ್ರವೇಶ ಉಚಿತ, ಪಾನಕ ಕೋಸಂಬರಿಯನ್ನೂ ಕೊಡುತ್ತೇವೆ" ಅನ್ನುವವರಿದ್ದಾರೆ. ಸ್ವಾಮಿ, ನಮಗೂ ಪಾನಕ ಗೊತ್ತು. ರಾಮನವಮಿಯ ದಿನ ಕೇರಿಯ ಜನ ದೂರ ಸಾಲು ನಿಂತು, ಎರಡು ಕೈ ಬೊಗಸೆ ಮಾಡಿ, ಮೇಲಿಂದ ಎತ್ತಿ ಹುಯ್ದ ಪಾನಕ ಕುಡಿದ ಊರುಗಳು ಈ ನಾಡಿನಲ್ಲಿವೆ. ಮೊಣಕೈವರೆಗೆ ಇಳಿದ ಆ ಬೆಲ್ಲದ ಅಂಟು ಒಂದು ತಲೆಮಾರಿಗೆ ಹೋಗುವಂಥದ್ದಲ್ಲ. ಅಂಥ ಊರಿನಿಂದ ಬಂದವನ ಕೈಗೆ ಇವತ್ತು ನೀವು ಲೋಟ ಕೊಡುತ್ತೀರಿ, ಸಂತೋಷ. ಆದರೆ ಮುಂದಿನ ಸಾಲಿನ ಕುರ್ಚಿ ದಾನಿಗಳಿಗೆ. ಪಕ್ಕದಲ್ಲಿ ಕೂತವರು "ಎಲ್ಲಿಯವರು ನೀವು? ಮನೆಯಲ್ಲಿ ಯಾರಾದರೂ ಹಾಡುತ್ತಾರಾ?" ಅಂತ ಕೇಳುವ ಮೆತ್ತನೆಯ ಪ್ರಶ್ನೆಯ ಹಿಂದೆ ಏನಿದೆ ಅಂತ ನಮಗೆ ಗೊತ್ತಿಲ್ಲವೇ? ಬಾಗಿಲು ತೆರೆದಿಡುವುದು ಬೇರೆ, ಬಂದವನು ಬೆನ್ನು ನೆಟ್ಟಗೆ ಮಾಡಿ ಕೂರುವಂತೆ ಮಾಡುವುದು ಬೇರೆ.

ಇನ್ನು ಕೆಲವರದು ಇದಕ್ಕಿಂತ ಹಳೆಯ ಮಾತು. ಕೇರಿಯವರಿಗೆ ಈ ಸಂಗೀತದ ಕಿವಿಯಿಲ್ಲವಂತೆ. ಅದಕ್ಕೆ ಸಂಸ್ಕಾರ ಬೇಕಂತೆ. ಈ ಸುಳ್ಳನ್ನು ವೇದಿಕೆಯ ಮೇಲಿರುವ ಮೃದಂಗವೇ ಒಡೆದು ಹಾಕುತ್ತದೆ.

ಮೃದಂಗ ಆಕಾಶದಿಂದ ಉದುರಿದ್ದಲ್ಲ. ಹಲಸಿನ ಮರದ ಒಡಲು ಕೊರೆದು, ಎರಡು ಮುಖಕ್ಕೆ ಹಸು, ಆಡು, ಎಮ್ಮೆಯ ಚರ್ಮ ಹದಮಾಡಿ ಹೊದಿಸಿ, ತೊಗಲಿನ ಬಾರು ಎಳೆದು ಬಿಗಿದು ಮಾಡಿದ್ದು. ಚರ್ಮ ಮುಟ್ಟುವ ಕೈ ಯಾರದು? ಗಾಯಕ ಟಿ.ಎಂ. ಕೃಷ್ಣ ಮೃದಂಗ ಮಾಡುವವರ ಚರಿತ್ರೆಯನ್ನು 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನುವ ಪುಸ್ತಕದಲ್ಲಿ ಬರೆದಿದ್ದಾರೆ. ಆ ಕೆಲಸದಲ್ಲಿ ತಲೆಮಾರುಗಳಿಂದ ಕೈ ಸವೆಸಿದವರಲ್ಲಿ ದಲಿತ ಕ್ರೈಸ್ತ ಮನೆತನಗಳಿವೆ. 2020ರಲ್ಲಿ ಚೆನ್ನೈನ ಕಲಾಕ್ಷೇತ್ರ ಆ ಪುಸ್ತಕದ ಬಿಡುಗಡೆಗೆ ಮೊದಲು ಸಭಾಂಗಣ ಕೊಡುತ್ತೇನೆಂದು ಒಪ್ಪಿ, ಆಮೇಲೆ ಹಿಂದೆಗೆಯಿತು. ಬೇರೆ ಜಾಗದಲ್ಲಿ ಬಿಡುಗಡೆ ಮಾಡಬೇಕಾಯಿತು. ನೋಡಿ, ಮೃದಂಗಕ್ಕೆ ಜಾಗವಿದೆ. ಮೃದಂಗ ಮಾಡಿದವನ ಕಥೆಗೆ ಜಾಗವಿಲ್ಲ.

ಮೃದಂಗಕ್ಕೆ ಮುಖ ಹೊದಿಸುವವನು ಬರೀ ಚರ್ಮ ಕೊಯ್ಯುವವನಲ್ಲ. ಶ್ರುತಿ ಎಲ್ಲಿ ಕೂಡುತ್ತದೆ, ಎಲ್ಲಿ ಒಡೆಯುತ್ತದೆ ಅಂತ ತಟ್ಟಿ ತಟ್ಟಿ ಕೇಳಿ ಕೂರಿಸುವವನು. ವಿದ್ವಾಂಸರು ನಾದ ಸರಿಬಾರದಿದ್ದರೆ ಅವನ ಹತ್ತಿರವೇ ಹೋಗಬೇಕು. ಅವನ ಕಿವಿ ತಪ್ಪಿದರೆ ಇವರ ಕಚೇರಿಯೇ ಇಲ್ಲ. ಕಿವಿಯಿಲ್ಲದ ಜಾತಿ ಯಾವುದು ಸ್ವಾಮಿ?

ಇನ್ನೊಂದು ವಿಚಿತ್ರ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ನಾಲ್ವರು ದಲಿತ ಯುವಕರನ್ನು ಬಟ್ಟೆ ಬಿಚ್ಚಿಸಿ, ಕಾರಿಗೆ ಕಟ್ಟಿ ಬಡಿದರು. ನಮ್ಮ ರಾಜ್ಯದಲ್ಲಿ 2020ರಲ್ಲಿ ಗೋಹತ್ಯೆ ತಡೆಯ ಕಾನೂನನ್ನು ಇನ್ನೂ ಬಿಗಿ ಮಾಡಿದರು. ಅದನ್ನು ಮೆಚ್ಚಿ ಚಪ್ಪಾಳೆ ತಟ್ಟಿದ ಕೈಗಳೇ ಸಂಜೆ ಕಚೇರಿಯಲ್ಲಿ ಕೂತು ಆ ಚರ್ಮದ ನಾದಕ್ಕೆ ತಾಳ ಹಾಕುತ್ತವೆ. ಸುಲಿದವನ ಬೆನ್ನಿಗೆ ದೊಣ್ಣೆ, ಸುಲಿದ ಚರ್ಮಕ್ಕೆ ಶಾಲು. ಚರ್ಮಕ್ಕೆ ಮೈಲಿಗೆ ಕಳೆಯುತ್ತದೆ, ಮನುಷ್ಯನಿಗೆ ಕಳೆಯುವುದಿಲ್ಲ. ಇದು ಯಾವ ರಾಗ? ಯಾವ ತಾಳ?

ಈಗ ನಮ್ಮ ಗೆಳೆಯರ ಕಡೆಗೆ ತಿರುಗಿ ಒಂದು ಮಾತು.

"ಆ ಪುರೋಹಿತಶಾಹಿ ಸಂಗೀತ ನಮಗೆ ಯಾಕೆ ಬೇಕು? ನಮಗೆ ತಮಟೆಯಿದೆ, ಹೋರಾಟದ ಹಾಡಿದೆ. ಹೋಗದಿದ್ದರೆ ಕಳಕೊಂಡದ್ದೇನು?" ಅಂತ ಚಳವಳಿಯೊಳಗೇ ಕೇಳುವವರಿದ್ದಾರೆ. ಸಿಟ್ಟು ನ್ಯಾಯವಾದದ್ದು, ತೀರ್ಮಾನ ತಪ್ಪು. ಇಟ್ಟಿಗೆ ಗೂಡಿನಲ್ಲಿ ನಿಂತ ಆ ಹುಡುಗನಿಗೆ "ನಿನಗೆ ಆ ಆಸೆಯೇ ಬರಬಾರದಿತ್ತು" ಅಂತ ಹೇಳಿದರೆ, ಅವರು ಹಾಕಿದ ಬೀಗದ ಮೇಲೆ ನಾವೊಂದು ಬೀಗ ಜಡಿದ ಹಾಗೆ. ಏನು ಕೇಳಬೇಕು, ಏನನ್ನು ಆಸೆ ಪಡಬೇಕು ಅಂತ ದಲಿತನಿಗೆ ಯಾರೂ ಗೆರೆ ಎಳೆಯಬಾರದು. ನಾವೂ ಎಳೆಯಬಾರದು.

1927ರಲ್ಲಿ ಮಹಾಡದ ಚೌದಾರ್ ಕೆರೆಯ ಹೋರಾಟದಲ್ಲಿ ಬಾಬಾಸಾಹೇಬರು ಬಾಯಾರಿಕೆಯ ಮಾತಾಡಲಿಲ್ಲ. ಆ ನೀರು ಕುಡಿಯದೆಯೂ ಇಷ್ಟು ಕಾಲ ಬದುಕಿದ್ದೇವೆ, ಕುಡಿದರೆ ಅಮರರಾಗುವುದೂ ಇಲ್ಲ, ನಾವೂ ಮನುಷ್ಯರು ಅಂತ ಸ್ಥಾಪಿಸುವುದಕ್ಕೆ ಹೋಗುತ್ತಿದ್ದೇವೆ ಅಂತ ತಮ್ಮ ಜನಕ್ಕೆ ತಿಳಿಸಿದರು. ಸಂಗೀತವೂ ಅಂಥದೇ ಕೆರೆ. ಅದಿಲ್ಲದೆ ನಾವೇನೂ ಸಾಯುವುದಿಲ್ಲ. ಆದರೆ ಊರ ನಡುವಿನ ಕೆರೆಯ ದಡಕ್ಕೆ ಹೋಗುವ ಹಕ್ಕು ಬಿಟ್ಟುಕೊಟ್ಟರೆ ಉಳಿಯುವುದು ಏನು? ರಾಮನವಮಿಗೂ ನಮಗೂ ಹಳೆಯ ಲೆಕ್ಕವೊಂದಿದೆ. 1930ರ ಮಾರ್ಚಿನಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಸತ್ಯಾಗ್ರಹ ಶುರುವಾಯಿತು. ಆ ವರ್ಷದ ರಾಮನವಮಿ ರಥವನ್ನು ಎರಡೂ ಕಡೆಯವರು ಸೇರಿ ಎಳೆಯಬೇಕು ಅಂತ ಒಪ್ಪಂದವಾಗಿತ್ತು. ಸವರ್ಣೀಯರು ಮಾತು ಮುರಿದು ತಾವೇ ರಥ ಎಳೆದುಕೊಂಡು ಹೋದರು, ನಮ್ಮವರ ಮೇಲೆ ಕಲ್ಲು ಬಿದ್ದವು. ಬಾಗಿಲು ತೆರೆದೇ ಇತ್ತು ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ.

ನಮ್ಮ ಚಳವಳಿ ಸಾಹಿತ್ಯದ ಬಾಗಿಲನ್ನು ಜೋರಾಗಿಯೇ ಬಡಿಯಿತು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದರು, ನಾಡೇ ಅಲ್ಲಾಡಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಇಲ್ಲ ಅಂದಾಗ, ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯದ ಸಮ್ಮೇಳನವನ್ನೇ ಕಟ್ಟಿದರು. ಇವತ್ತು ಕನ್ನಡ ಸಾಹಿತ್ಯ ಅಂದರೆ ದಲಿತ ಬರಹ ಬಿಟ್ಟು ಮಾತಾಡಲು ಯಾರಿಗೂ ಧೈರ್ಯವಿಲ್ಲ. ಸಂಗೀತದ ಬಾಗಿಲನ್ನು ಹೀಗೆ ಬಡಿದದ್ದು ಕಡಿಮೆ. ಅಲ್ಲಿ ಹಳೆಯ ಮೌನ ಹಾಗೇ ಕೂತಿದೆ.

ಬಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನೆಲದ ಹೆಣ್ಣುಮಗಳೇ ಸಾಕ್ಷಿ. ನಂಜನಗೂಡಿನಲ್ಲಿ ದೇವದಾಸಿ ಕುಲದಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತನ್ನ ದುಡಿಮೆಯ ಹಣ ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅದೇ ಜಾಗದ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಆಕೆ ಅಳುತ್ತಾ ಕೂರಲಿಲ್ಲ, ಆ ಸಂಗೀತವೇ ಬೇಡ ಅಂತಲೂ ಅನ್ನಲಿಲ್ಲ. ಹೆಂಗಸರನ್ನು ಕಟ್ಟಿಕೊಂಡು ಬೇರೆಯೇ ಆರಾಧನೆ ನಡೆಸಿದರು. ಕೊನೆಗೆ ಗಂಡಸರ ಗುಂಪುಗಳು ಆಕೆಯ ಜೊತೆ ಒಂದೇ ಉತ್ಸವಕ್ಕೆ ಬರಬೇಕಾಯಿತು. 2020ರಲ್ಲಿ ಚೆನ್ನೈನ ಮಾರ್ಗಳಿ ಸಂಗೀತದ ಕಾಲದಲ್ಲೇ ಪಾ. ರಂಜಿತ್ ಅವರ ನೀಲಂ ಸಂಸ್ಥೆ ಜನರ ಸಂಗೀತದ ಉತ್ಸವ ಶುರು ಮಾಡಿ ಪರೈಯನ್ನು ವೇದಿಕೆಗೆ ಏರಿಸಿತು. ದಾರಿ ಇಲ್ಲಿದೆ. ಅವರ ಪೆಂಡಾಲಿಗೂ ನುಗ್ಗಬೇಕು, ನಮ್ಮ ಪೆಂಡಾಲನ್ನೂ ಹಾಕಬೇಕು.

ಹಾಗಾದರೆ ಕೇಳಬೇಕಾದ್ದು ಇಷ್ಟು. ಪರೀಕ್ಷೆ ಮುಗಿದ ತಕ್ಷಣ ಸಮಾಜ ಕಲ್ಯಾಣದ ಹಾಸ್ಟೆಲುಗಳಿಗೆ ಬೀಗ ಹಾಕಬಾರದು. ಬಯಸಿದ ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲೂ ಅನ್ನ, ಮಂಚ ಇರಬೇಕು. ಸರ್ಕಾರದ ಒಂದು ರೂಪಾಯಿ ಪಡೆದ ಉತ್ಸವವೂ ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಡಬೇಕು, ರಾತ್ರಿ ವಾಪಸು ಹೋಗಲು ಬಸ್ಸು ಕೊಡಬೇಕು. ಆಹ್ವಾನ ಪತ್ರಿಕೆಯಲ್ಲಿ ಗಾಯನ, ಪಿಟೀಲು, ಮೃದಂಗ ಅಂತ ಹೆಸರು ಹಾಕುತ್ತೀರಿ, ಪ್ರಾಯೋಜಕರ ಹೆಸರನ್ನು ದಪ್ಪಕ್ಷರದಲ್ಲಿ ಹಾಕುತ್ತೀರಿ. ಆ ಮೃದಂಗ ಮಾಡಿದವನ ಹೆಸರನ್ನೂ ಹಾಕಿ. ಒಂದು ಸಾಲಿನ ಕೆಲಸ. ಚಿಕ್ಕಬಳ್ಳಾಪುರ ಸೀಮೆಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಮೆರವಣಿಗೆಯ ಮುಂದೆ ನಡೆಯುವುದಕ್ಕಲ್ಲ, ಮೈಕಿನ ಮುಂದೆ ಕೂತು ಎರಡು ಗಂಟೆ ನುಡಿಸುವುದಕ್ಕೆ ತಮಟೆಯವರನ್ನು ಎಷ್ಟು ಪೆಂಡಾಲುಗಳು ಕರೆದಿವೆ? ಲೆಕ್ಕ ಕೊಡಿ.

ನಮ್ಮ ಪಾಲಿನ ಕೆಲಸವೂ ಇದೆ. ಏಪ್ರಿಲ್ 14 ಅದೇ ಬೇಸಿಗೆಯಲ್ಲಿ ಬರುತ್ತದೆ. ಬಾಡಿಗೆ ಡಿಜೆ ತಂದು ಕಿವಿ ಕಿವುಡಾಗಿಸುವುದನ್ನು ಬಿಟ್ಟು ಆ ವಾರವನ್ನೇ ಕೇರಿಯ ಸಂಗೀತೋತ್ಸವ ಮಾಡೋಣ. ಬಿಟ್ಟಿ ಚಾಕರಿ ಅಂತ ನಮ್ಮ ಹಿರಿಯರು ತಮಟೆ ಎಸೆದದ್ದು ಸರಿಯಾಗಿತ್ತು. ಆಗ ಬಡಿಸುತ್ತಿದ್ದವನು ಗೌಡ. ಈಗ ನಾವು ನಮ್ಮ ಮನಸ್ಸಿನಿಂದ ಬಡಿಯೋಣ. ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡಲಿ, ತತ್ವಪದದವರು ಏಕತಾರಿ ಮೀಟಲಿ. ಪಿಟೀಲು, ಮೃದಂಗದ ವಿದ್ವಾಂಸರನ್ನೂ ಕರೆಯೋಣ. ಕೇರಿಗೆ ಬಂದು, ನಮ್ಮ ಜಗುಲಿಯ ಮೇಲೆ ಕೂತು, ನಮ್ಮ ಲೋಟದಲ್ಲಿ ನೀರು ಕುಡಿದು ನುಡಿಸಲಿ. ಅಂಬೇಡ್ಕರರೇ ಪಿಟೀಲು ಕಲಿತವರು. ಅದು ಯಾರ ಅಪ್ಪನ ಸ್ವತ್ತೂ ಅಲ್ಲ.

ಮೇಷ್ಟ್ರುಗಳೇ, ನಿಮ್ಮ ತರಗತಿಯಲ್ಲಿ ಬೆಂಚು ತಟ್ಟುವ ಹುಡುಗನಿಗೆ ಬೈಯಬೇಡಿ, ಅವನ ಹೆಸರು ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿ ಗೆಳೆಯರೇ, ಈ ಫೆಬ್ರವರಿಯಲ್ಲೇ ನಿಮ್ಮ ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಗೆ ಅರ್ಜಿ ಬರೆಯಿರಿ: ಬೇಸಿಗೆಯಲ್ಲಿ ಹಾಸ್ಟೆಲು ತೆರೆದಿರಬೇಕು. ಕಾರಣ ಕೇಳಿದರೆ ನಾಚಿಕೆಯಿಲ್ಲದೆ ಹೇಳಿ, ನಮಗೆ ಹಾಡು ಕೇಳಬೇಕಾಗಿದೆ.