ಮೇಜಿನ ಈಚೆಯ ಕುರ್ಚಿ

ಬೆಂಗಳೂರಿನ ಪೀಣ್ಯದಲ್ಲಿರುವ ಯಂತ್ರೋಪಕರಣಗಳ ಕಾರ್ಖಾನೆಯೊಂದರ ಹೊರಕೋಣೆ. ಅಭ್ಯರ್ಥಿಗಳನ್ನು ಒಂಬತ್ತು ಗಂಟೆಗೆ ಬರಹೇಳಿದ್ದರು. ಹನ್ನೊಂದರವರೆಗೂ ಮೊದಲ ಹೆಸರನ್ನು ಕೂಗಲಿಲ್ಲ. ಹದಿನಾಲ್ಕು ಮಂದಿ ತರುಣರು, ಮೂವರು ತರುಣಿಯರು. ಎಲ್ಲರ ಮಡಿಲಿನಲ್ಲಿಯೂ ಪ್ರಮಾಣಪತ್ರಗಳ ಕಡತ. ರಾತ್ರಿ ಇಸ್ತ್ರಿ ಮಾಡಿಟ್ಟ ಅಂಗಿಯ ಗೆರೆ ಬೆಳಗಿನ ಬಸ್ಸಿನ ನೂಕುನುಗ್ಗಲಿನಲ್ಲಿಯೇ ಅಳಿಸಿಹೋಗಿದೆ. ಒಳಗೆ ಹೋಗಿಬಂದವರನ್ನೆಲ್ಲ ಉಳಿದವರು ಸುತ್ತುವರಿದು ಕೇಳುವುದು ಒಂದೇ ಪ್ರಶ್ನೆ: "ಏನು ಕೇಳಿದರು?"

ಮೊದಲು ಹೋಗಿಬಂದವನು ಪೆಚ್ಚಾಗಿದ್ದ. ಲೇತಿನ ವಿಷಯವಾಗಿ ಒಂದು ವಾರ ಓದಿದ್ದನಂತೆ. ತಂದೆಯವರ ಉದ್ಯೋಗವೇನು, ಊರು ಯಾವುದು, ಬೆಂಗಳೂರಿನಲ್ಲಿ ಯಾರ ಮನೆಯಲ್ಲಿರುವುದು ಎಂಬಲ್ಲಿಗೆ ಸಂದರ್ಶನ ಮುಗಿಯಿತು. ಎರಡನೆಯವನಿಗೆ ತನ್ನ ವಿಚಾರವಾಗಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳೆಂದರು. ಕನ್ನಡಿಯ ಮುಂದೆ ಕಂಠಪಾಠ ಮಾಡಿದ್ದು ಎರಡನೆಯ ವಾಕ್ಯಕ್ಕೇ ಕೈಕೊಟ್ಟಿತು. ಅನಂತರ ಹೋದ ತರುಣಿಗೆ, "ಮದುವೆಯಾದ ಮೇಲೆ ಕೆಲಸ ಬಿಟ್ಟುಬಿಡುತ್ತೀರೇನಮ್ಮಾ?" ಎಂದು ಕೇಳಿದರು. ಹೊರಗೆ ಕುಳಿತ ಹದಿನಾಲ್ಕು ಮಂದಿಗೂ ಈ ಪ್ರಶ್ನೆ ಉಂಟೇ ಎಂಬ ಮಾತು ಆಕೆಯ ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದು ಮಾತ್ರ, "ಇಲ್ಲ ಸಾರ್."

ಆಕೆ ನುಂಗಿಕೊಂಡಂಥ ಮಾತನ್ನು ಧೈರ್ಯವಾಗಿ ಆಡಿದವರೂ ಇದ್ದಾರೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿಯೆಂದು ನಾಡಿಗೆಲ್ಲ ಪರಿಚಿತರಾದ ಲೇಖಕಿ, 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದರು. ಪುಣೆಯ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಸಾಲನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಅಂಚೆಕಾರ್ಡು ಬರೆದರು. ಸಂದರ್ಶನಕ್ಕೆ ಬರಬೇಕೆಂದು ತಂತಿ ಬಂದಿತು. ಕೇಳುವುದೆಲ್ಲ ತಾಂತ್ರಿಕ ವಿಷಯವೇ ತಾನೇ ಎಂದು ಮಂಡಲಿಯವರನ್ನು ತಾವೇ ಮೊದಲು ಕೇಳಿದ್ದಾಗಿ ಆಕೆ ಬರೆದುಕೊಂಡಿದ್ದಾರೆ. ಆ ಮೇಲಿನ ಪ್ರಶ್ನೆಗಳು ತಾಂತ್ರಿಕವೇ ಆದವು, ಕೆಲಸವೂ ಸಿಕ್ಕಿತು.

ಪೀಣ್ಯದ ಸಂದರ್ಶಕರೇನೂ ಕಟುಕರಲ್ಲ. ತಲೆಗೆ ಹತ್ತು ನಿಮಿಷ. ಕೆಲಸ ಕಲಿಸಿದ ಆರು ತಿಂಗಳಿಗೆ ಹುಡುಗ ಬೇರೆ ಕಡೆಗೆ ಹಾರಿದರೆ ನಷ್ಟ ಕಂಪನಿಗೆ. ಆದರೂ ಲೋಹ ಕೊರೆಯುವವನನ್ನು ಆರಿಸುವಾಗ ಲೋಹದ ಮಾತೇ ಬಾರದಿದ್ದರೆ ಹೇಗೆ?

ಊಟದ ಹೊತ್ತು ಕಳೆದ ಮೇಲೆ ಶಿರಾದ ಕಡೆಯ ಡಿಪ್ಲೊಮಾ ಹುಡುಗನ ಸರದಿ ಬಂತು. ಎರಡು ವರ್ಷದಿಂದ ಸಣ್ಣ ವರ್ಕ್‌ಶಾಪೊಂದರಲ್ಲಿ ದಿನಗೂಲಿಗೆ ದುಡಿಯುತ್ತಿದ್ದವನು. ಆ ದಿನದ ಕೂಲಿ ಖೋತಾ. ಇದು ಅವನ ನಾಲ್ಕನೆಯ ಸಂದರ್ಶನ. ಮೈಕ್ರೋಮೀಟರಿನ ಲೀಸ್ಟ್ ಕೌಂಟ್ ಎಂದರೇನೆಂದು ಇಂಗ್ಲಿಷಿನಲ್ಲಿ ವಿವರಿಸೆಂದರು. ಹುಡುಗನ ಬಾಯಿ ಒಣಗಿತು. ಒಬ್ಬರು ಅವನ ಅರ್ಜಿಯನ್ನು ಪಕ್ಕಕ್ಕೆ ಸರಿಸಿಯೂ ಆಯಿತು.

ಅಂಚಿನಲ್ಲಿ ಕುಳಿತಿದ್ದ ಹಿರಿಯ ಫೋರ್‌ಮನ್ನರು ಮಾತನಾಡದೆ ಒಂದು ಮೈಕ್ರೋಮೀಟರನ್ನೂ ಉಕ್ಕಿನ ಕಡ್ಡಿಯೊಂದನ್ನೂ ಮುಂದೆ ನೂಕಿದರು. ಹುಡುಗ ಕರವಸ್ತ್ರ ತೆಗೆದು ಎರಡನ್ನೂ ಒರೆಸಿದ. ಮೊದಲು ಬರಿಯ ಉಪಕರಣವನ್ನೇ ಮುಚ್ಚಿ, ಗೆರೆ ಕಣ್ಣಿನ ನೇರಕ್ಕೆ ಬರುವಂತೆ ಹಿಡಿದು ನೋಡಿದ. ಆಮೇಲೆ ಕಡ್ಡಿಯನ್ನು ಇಟ್ಟು ಮೆಲ್ಲಗೆ ತಿರುಗಿಸಿದ.

"12.47 ಮಿಲಿಮೀಟರ್ ತೋರಿಸುತ್ತದೆ ಸಾರ್. ನಿಜವಾದ ಅಳತೆ 12.46."

"ಅದು ಹೇಗಯ್ಯಾ?"

"ಮುಚ್ಚಿದಾಗ ಸೊನ್ನೆಗೆ ನಿಲ್ಲುವುದಿಲ್ಲ, ಒಂದು ಗೆರೆ ಹೆಚ್ಚು ತೋರಿಸುತ್ತದೆ. ಅದನ್ನು ಕಳೆಯಬೇಕು."

ಒಂದು ಗೆರೆಯೆಂದರೆ ಮಿಲಿಮೀಟರಿನ ನೂರರಲ್ಲೊಂದು ಭಾಗ. ಇಂಗ್ಲಿಷಿನಲ್ಲಿ ಹೇಳಲಾಗದೆ ಅವನು ತಡವರಿಸಿದ್ದು ಇದನ್ನೇ. ಫೋರ್‌ಮನ್ನರು ಉಪಕರಣವನ್ನು ಈಸಿಕೊಂಡು ತಾವೂ ಮುಚ್ಚಿ ನೋಡಿದರು. ಪಕ್ಕದವರಿಗೆ ಕೊಟ್ಟರು. ಅದು ಮೇಜಿನ ಆಚೆಯ ಐದು ಕೈಗಳನ್ನೂ ಸುತ್ತಿಬಂತು. ಸರಿಸಿಟ್ಟಿದ್ದ ಅರ್ಜಿ ಮತ್ತೆ ನಡುವಿಗೆ ಬಂತು. ಫಲಿತಾಂಶವನ್ನು ಪತ್ರದ ಮೂಲಕ ತಿಳಿಸುವುದಾಗಿ ಹೇಳಿ ಕಳುಹಿಸಿದರು.

"ಏನು ಕೇಳಿದರು?" ಹೊರಗೆ ಎಲ್ಲರೂ ಮುತ್ತಿಕೊಂಡರು.

"ಮೈಕ್ರೋಮೀಟರ್ ಕೊಟ್ಟರು," ಎಂದ ಹುಡುಗ, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ.

ಮುಂದಿನ ಸರದಿಯವನು ಗಡಿಬಿಡಿಯಿಂದ ಪುಸ್ತಕದಲ್ಲಿ ಆ ಪುಟವನ್ನು ಹುಡುಕಿ, ತುಟಿಯಲ್ಲೇ ಉರುಹಾಕುತ್ತ ಒಳಗೆ ಹೋದ. ಅಷ್ಟರಲ್ಲಿ ಮೈಕ್ರೋಮೀಟರು ದುರಸ್ತಿಗೆ ಹೋಗಿತ್ತು. ಅವನ ತಂದೆಯವರ ಉದ್ಯೋಗವೇನೆಂದು ಕೇಳಿದರು.