ಕಾಯಿ ಕೀಳೋನು ಒಬ್ಬನೇ

ತಿಪಟೂರು ಮಾರ್ಕೆಟ್ಟಲ್ಲಿ ಕೊಬ್ಬರಿ ಬಿಟ್ಟು ಬಂದ ದುಡ್ಡಲ್ಲಿ ನಮ್ಮ ಭಾವ ಮಗನಿಗೆ ಕಂಪ್ಯೂಟರ್ ಕೊಡಿಸಿದರು. 41 ಸಾವಿರ. ಹುಡುಗ ಡಿಪ್ಲೊಮಾ ಓದ್ತಿದ್ದಾನೆ, ಗೇಮಿನ ಹುಚ್ಚು. ನನ್ನನ್ನ ಒಂದು ಮಾತು ಕೇಳಲಿಲ್ಲ, ಕೇಳಿದ್ರೆ ಮಾಮ ಬೈತಾನೆ ಅನ್ನೋ ಭಯ. ಬೆಂಗಳೂರಿಗೆ ಬಂದು, ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ತಗೊಂಡು, ಸಂಜೆ ರೈಲು ಹತ್ತಿ ಊರು ಸೇರಿದ ಮೇಲೆ ನನಗೆ ಫೋಟೋ ಕಳಿಸಿದ. ಬಿಲ್ಲಿನ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 'ಜಿಯಾನ್ 14 ಕೋರ್ 28 ಥ್ರೆಡ್, 32 ಜಿಬಿ ರ‍್ಯಾಮ್, ಸರ್ವರ್ ಗ್ರೇಡ್ ಗೇಮಿಂಗ್ ಪಿಸಿ'.

ಎರಡು ತಿಂಗಳಾದ ಮೇಲೆ ಫೋನು. "ಮಾಮ, ಗ್ರಾಫಿಕ್ಸ್ ಕಾರ್ಡ್ ವೀಕು. ಇನ್ನೊಂದು 20 ಸಾವಿರ ಬೇಕು. ಅಪ್ಪಂಗೆ ನೀನೇ ಹೇಳು ಮಾಮ."

ಈ ಬರಹ ಆ 20 ಸಾವಿರದ ಬಗ್ಗೆ. 41 ಸಾವಿರ ಹೋಯ್ತು, ಬಿಡಿ.

ಹಬ್ಬಕ್ಕೆ ಊರಿಗೆ ಹೋದಾಗ ಕೂತು ನೋಡಿದೆ. ಒಳಗಿದ್ದಿದ್ದು ಇಂಟೆಲ್‌ನ ಜಿಯಾನ್ ಇ5-2680 ವಿ4. 2016ರಲ್ಲಿ ಬಂದ ಚಿಪ್ಪು. 14 ಕೋರು, 28 ಥ್ರೆಡ್ಡು, 35 ಎಂಬಿ ಕ್ಯಾಶು. ಹೊಸದಿದ್ದಾಗ ಇಂಟೆಲ್ ಪಟ್ಟಿಯಲ್ಲಿ ಇದರ ಬೆಲೆ 1745 ಡಾಲರ್. ಸುಳ್ಳು ಏನೂ ಬರೆದಿರಲಿಲ್ಲ ಅಂಗಡಿಯವನು. ಬಿಲ್ಲಿನ ಪ್ರತಿಯೊಂದು ಅಂಕಿಯೂ ನಿಜ. 'ಗೇಮಿಂಗ್' ಅನ್ನೋ ಒಂದು ಪದ ಮಾತ್ರ ಅವನದು.

ಹುಡುಗ ಕೌಂಟರ್ ಸ್ಟ್ರೈಕ್ 2 ಹಾಕಿದ. ಖಾಲಿ ಜಾಗದಲ್ಲಿ ಓಡಾಡುವಾಗ ಚೆನ್ನಾಗೇ ಇತ್ತು. ನಾಲ್ಕು ಜನ ಎದುರಾಗಿ, ಹೊಗೆ ಬಾಂಬ್ ಬಿದ್ದು, ಗುಂಡು ಹಾರೋಕೆ ಶುರುವಾಯ್ತು ನೋಡಿ, ಪರದೆ ತಡವರಿಸಿತು. ಅಂದ್ರೆ ಯಾವಾಗ ವೇಗ ಬೇಕೋ ಸರಿಯಾಗಿ ಆವಾಗ. ಹುಡುಗ ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸಿದ. "ನೋಡು ಮಾಮ, ಸಿಪಿಯು ಬರೀ 20 ಪರ್ಸೆಂಟ್ ಕೆಲಸ ಮಾಡ್ತಿದೆ. 80 ಪರ್ಸೆಂಟ್ ಖಾಲಿ ಬಿದ್ದಿದೆ. ಅಂದ್ರೆ ಪ್ರಾಬ್ಲಂ ಕಾರ್ಡಿಂದು ತಾನೇ?"

ತರ್ಕ ಸರಿಯಾಗೇ ಇದೆ ಅನ್ಸುತ್ತೆ. ಇಲ್ಲೇ ಎಲ್ಲರೂ ಬೀಳೋದು. 28 ಥ್ರೆಡ್ಡಿರೋ ಮಷೀನಲ್ಲಿ ಒಂದು ಥ್ರೆಡ್ಡು ಪೂರ್ತಿ, ನೂರಕ್ಕೆ ನೂರು ದುಡಿದರೂ ಆ ಪಟ್ಟಿಯಲ್ಲಿ ಕಾಣೋದು ಸುಮಾರು 3.6 ಪರ್ಸೆಂಟ್. ಒಬ್ಬ ಉಸಿರು ಕಟ್ಟಿ ಸಾಯ್ತಿರ್ತಾನೆ, ಲೆಕ್ಕದ ಪುಸ್ತಕದಲ್ಲಿ 'ಬಹುತೇಕ ಎಲ್ಲರೂ ಆರಾಮ' ಅಂತ ಬರೆದಿರುತ್ತೆ. ಕೋರು ಜಾಸ್ತಿ ಆದಷ್ಟೂ ಈ ಪರ್ಸೆಂಟು ದೊಡ್ಡ ಸುಳ್ಳುಗಾರ ಆಗ್ತಾ ಹೋಗುತ್ತೆ.

ಭಾವನಿಗೆ ಇದನ್ನ ಹೇಗೆ ಹೇಳೋದು? ತೋಟ ಇತ್ತಲ್ಲ ಎದುರಿಗೆ.

ಕಾಯಿ ಕೀಳೋ ದಿನ ನೆನಪು ಮಾಡ್ಕೊಳ್ಳಿ. ಮರ ಹತ್ತೋನು ಒಬ್ಬ. ಕೆಳಗೆ ಆಯೋರು, ಗುಡ್ಡೆ ಹಾಕೋರು, ಟ್ರ್ಯಾಕ್ಟರಿಗೆ ತುಂಬೋರು ಐದಾರು ಜನ. ಮೇಲಿರೋನು ನಿಧಾನ ಆದ್ರೆ ಕೆಳಗಿನೋರು ಬೀಡಿ ಸೇದ್ತಾ ಕೂರಬೇಕು. 'ಕೆಲಸ ಸಾಗ್ತಿಲ್ಲ' ಅಂತ ಇನ್ನೂ ಹತ್ತು ಜನ ಆಯೋರನ್ನ ಕರೆಸಿದ್ರೆ ಬೀಡಿ ಖರ್ಚಾಗುತ್ತೆ ಅಷ್ಟೇ. ಅದೇ, ಅಟ್ಟದಿಂದ ಇಳಿಸಿ ಕೊಬ್ಬರಿ ಸುಲಿಯೋ ದಿನ ಬೇರೆ ಲೆಕ್ಕ. ಅವತ್ತು ಒಬ್ಬೊಬ್ಬರ ಮುಂದೆ ಒಂದೊಂದು ಗುಡ್ಡೆ. ಪಕ್ಕದವನು ಎಷ್ಟು ಸುಲಿದ ಅಂತ ನಾನು ಕಾಯಬೇಕಿಲ್ಲ. ಅವತ್ತು 28 ಜನ ಬಂದ್ರೆ 28 ಜನರ ಕೆಲಸ ಆಗುತ್ತೆ.

ಸರ್ವರ್ ಅಂದ್ರೆ ಕೊಬ್ಬರಿ ಸುಲಿಯೋ ದಿನ. ಗೇಮ್ ಅಂದ್ರೆ ಕಾಯಿ ಕೀಳೋ ದಿನ.

ಗೇಮಿನೊಳಗೆ ಮುಖ್ಯ ಥ್ರೆಡ್ ಅಂತ ಒಂದಿರುತ್ತೆ. ಆಟಗಾರ ಏನು ಒತ್ತಿದ, ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಅದರ ಮೇಲೆ ಮುಂದಿನ ಚಿತ್ರದಲ್ಲಿ ಏನೇನು ಬರೀಬೇಕು ಅಂತ ಗ್ರಾಫಿಕ್ಸ್ ಕಾರ್ಡಿಗೆ ಹೇಳೋದು. ಇದರಲ್ಲಿ ಬಹಳಷ್ಟು ಒಂದರ ಹಿಂದೆ ಒಂದು ಆಗಬೇಕಾದ್ದು. ಗುಂಡು ತಾಗಿದ್ದು ಗೊತ್ತಾಗದೆ ಆಳು ಬೀಳೋ ಹಾಗಿಲ್ಲ. ಸೆಕೆಂಡಿಗೆ 60 ಚಿತ್ರ ಬೇಕು ಅಂದ್ರೆ ಒಂದೊಂದಕ್ಕೂ ಸಿಗೋ ಸಮಯ 16.7 ಮಿಲಿಸೆಕೆಂಡ್. ಹುಡುಗ ತಗೊಂಡಿದ್ದು 144 ಹರ್ಟ್ಸ್ ಮಾನಿಟರು, ಅಲ್ಲಿ 6.9 ಮಿಲಿಸೆಕೆಂಡ್. ಅಷ್ಟರಲ್ಲಿ ಮುಖ್ಯ ಥ್ರೆಡ್ಡಿನ ಕೆಲಸ ಮುಗೀಬೇಕು. ಮುಗೀದಿದ್ರೆ ಮಿಕ್ಕ ಕೋರುಗಳೂ ಕಾಯ್ತವೆ, ದುಬಾರಿ ಗ್ರಾಫಿಕ್ಸ್ ಕಾರ್ಡೂ ಕಾಯುತ್ತೆ.

ಇದೇನು ಹೊಸ ಜ್ಞಾನ ಅಲ್ಲ. 1967ರಲ್ಲೇ ಜೀನ್ ಆಮ್ಡಾಲ್ ಹೇಳಿದ್ದು. ಕೆಲಸದಲ್ಲಿ ಹಂಚೋಕಾಗದ ಭಾಗ ಅರ್ಧ ಇದ್ರೆ, ಲಕ್ಷ ಕೋರು ಹಾಕಿದ್ರೂ ಎರಡು ಪಟ್ಟಿಗಿಂತ ಜಾಸ್ತಿ ವೇಗ ಬರಲ್ಲ. ಬಿಇಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿ ಬರೆದು ಮಾರ್ಕ್ಸ್ ತಗೊಂಡ ಸೂತ್ರ ಇದು. ಬರೆದು ಮರೆತಿದ್ದೂ ನಾವೇ.

ಹಾಗಾದ್ರೆ ಜಿಯಾನ್ ಕೆಟ್ಟ ಚಿಪ್ಪಾ? ಅಲ್ಲ ಸ್ವಾಮಿ. ನಮ್ಮ ಹೋಟೆಲುಗಳಲ್ಲಿ 'ಸರ್ವರ್' ಅಂತ ಕರೀತೀವಲ್ಲ, ಇಡ್ಲಿ ತಂದುಕೊಡೋ ಅಣ್ಣ, ಅವನನ್ನ ನೋಡಿ. ಇಪ್ಪತ್ತು ಟೇಬಲ್ಲಿನ ಆರ್ಡರ್ ತಲೆಯಲ್ಲಿಟ್ಟುಕೊಂಡು ಯಾರನ್ನೂ ಬಿಡದೆ ನೋಡ್ಕೋತಾನೆ. ಅವನನ್ನ ಓಟದ ಪಂದ್ಯಕ್ಕೆ ನಿಲ್ಲಿಸಿ ಸೋತ ಅಂತ ಬೈದ್ರೆ ತಪ್ಪು ಯಾರದು? ಸರ್ವರ್ ಚಿಪ್ಪನ್ನ ಕಟ್ಟೋದೇ ಹಾಗೆ. 120 ವ್ಯಾಟ್ ಒಳಗೆ 14 ಕೋರು ಬದುಕಬೇಕು, ಒಂದೊಂದಕ್ಕೆ ಒಂಬತ್ತು ವ್ಯಾಟೂ ಸಿಗಲ್ಲ. ಅದಕ್ಕೇ ಇದರ ಮೂಲ ವೇಗ 2.4 ಗಿಗಾಹರ್ಟ್ಸ್. 3.3ಕ್ಕೆ ಏರುತ್ತೆ ಅಂತ ಬರೆದಿರ್ತಾರೆ, ನಿಜ. ಒಂದೆರಡು ಕೋರು ಮಾತ್ರ ಎಚ್ಚರ ಇದ್ದಾಗ. ಗೇಮು ಆರೇಳು ಕೋರನ್ನ ತಟ್ಟಿ ಎಬ್ಬಿಸಿದ ತಕ್ಷಣ ಆ ವೇಗ ಇಳಿಯುತ್ತೆ. ರ‍್ಯಾಮಿಗೆ ನಾಲ್ಕು ದಾರಿ ಇದೆ, ಅದೂ ನಿಜ. ಒಟ್ಟಿಗೆ ರಾಶಿ ಡೇಟಾ ಸಾಗಿಸೋಕೆ ಅದು ಭರ್ಜರಿ. ಆದ್ರೆ ಗೇಮು ಕೇಳೋದು 'ಈ ಒಂದು ಸಣ್ಣ ತುಣುಕು ಎಷ್ಟು ಬೇಗ ಕೈಗೆ ಸಿಗುತ್ತೆ' ಅಂತ. ದಾರಿ ಅಗಲ ಇದ್ರೆ ಊರು ಹತ್ತಿರ ಆಗಲ್ಲ.

ಎದುರಿಗೆ ಇಂಟೆಲ್‌ನದೇ ಬಡಪಾಯಿ ಐ3-12100ಎಫ್ ಇಡಿ. 2022ರದು. ನಾಲ್ಕೇ ಕೋರು, ಎಂಟು ಥ್ರೆಡ್ಡು, 12 ಎಂಬಿ ಕ್ಯಾಶು, 58 ವ್ಯಾಟು. ಬಿಲ್ಲಿನ ಮೇಲೆ ಬರೆದ್ರೆ ಮರ್ಯಾದೆ ಹೋಗುತ್ತೆ. ಆದ್ರೆ 4.3 ಗಿಗಾಹರ್ಟ್ಸ್ ತನಕ ಏರುತ್ತೆ. ಅದಕ್ಕಿಂತ ಮುಖ್ಯ, ಒಂದು ಬಡಿತಕ್ಕೆ ಮಾಡೋ ಕೆಲಸವೇ ಜಾಸ್ತಿ. ಯಾಕಂದ್ರೆ ಆ ಎರಡು ಚಿಪ್ಪುಗಳ ನಡುವೆ ಇಂಟೆಲ್ ಕೋರಿನ ವಿನ್ಯಾಸ ಒಂದಕ್ಕಿಂತ ಹೆಚ್ಚು ಸಲ ಬದಲಾಗಿದೆ. ಗಿಗಾಹರ್ಟ್ಸ್ ನೋಡಿ ಹೋಲಿಸೋರಿಗೆ ಇದು ಕಾಣೋದೇ ಇಲ್ಲ. ಕೌಂಟರ್ ಸ್ಟ್ರೈಕ್, ವ್ಯಾಲರಂಟ್ ಥರದ ಆಟದಲ್ಲಿ ಈ ನಾಲ್ಕು ಕೋರು ಆ ಹದಿನಾಲ್ಕನ್ನ ಹಿಂದೆ ಹಾಕುತ್ತೆ.

ಈಗ ವಾದಕ್ಕೆ ಬರೋರು ಇದ್ದಾರೆ, ಗೊತ್ತು. 'ಹೊಸ ಗೇಮುಗಳೆಲ್ಲ ಜಾಸ್ತಿ ಥ್ರೆಡ್ ಬಳಸುತ್ತವೆ' ಅಂತಾರೆ. ಹೌದು, ಬಳಸುತ್ತವೆ. ಆರು, ಎಂಟು ಕೋರಿನವರೆಗೆ ಲಾಭ ಸಿಗೋ ಆಟಗಳಿವೆ. ಅಂಥವುಗಳಲ್ಲಿ ನಾಲ್ಕು ಕೋರಿನ ಐ3ನೂ ಏದುಸಿರು ಬಿಡಬಹುದು, ಸುಳ್ಳು ಹೇಳಲ್ಲ. ಅದಕ್ಕೆ ಉತ್ತರ ಆರು ವೇಗದ ಕೋರು. ಹದಿನಾಲ್ಕು ನಿಧಾನದ ಕೋರು ಹೇಗೆ ಉತ್ತರ ಆಗುತ್ತೆ? 'ದೊಡ್ಡ ರೆಸಲ್ಯೂಷನ್ನಲ್ಲಿ ಆಡಿದ್ರೆ ಸಿಪಿಯು ಲೆಕ್ಕಕ್ಕೇ ಬರಲ್ಲ' ಅಂತ ಇನ್ನೊಬ್ಬರು. ಅದೂ ಸರಿ. ಕಾರ್ಡೇ ಸುಸ್ತಾಗಿ ಬಿದ್ದಿರುವಾಗ ಸಿಪಿಯು ಯಾವುದಿದ್ರೇನು. 60 ಹರ್ಟ್ಸ್ ಮಾನಿಟರಲ್ಲಿ, ಕಥೆ ಹೇಳೋ ಆಟ ಸಮಾಧಾನವಾಗಿ ಆಡೋರಿಗೆ ಈ ಜಿಯಾನೇ ಸಾಕು, ಕಡಿಮೆ ದುಡ್ಡಿಗೆ ಸಿಕ್ಕಿದ್ರೆ ತಗೊಳ್ಳಿ. ಆದ್ರೆ ಅದನ್ನ 144 ಹರ್ಟ್ಸ್ ಮಾನಿಟರಿನ ಜೊತೆ ಗಂಟು ಹಾಕಿ, ಶೂಟಿಂಗ್ ಗೇಮ್ ಆಡ್ತೀನಿ ಅಂತ ಬಾಯಿಬಿಟ್ಟು ಹೇಳಿದ ಹುಡುಗನಿಗೆ ಮಾರಿದ್ದನ್ನ ವ್ಯಾಪಾರ ಅಂತ ಒಪ್ಪಿಕೊಳ್ಳೋಕೆ ನನಗಾಗಲ್ಲ.

ಇಷ್ಟೊಂದು ಚಿಪ್ಪು ಎಲ್ಲಿಂದ ಬರ್ತವೆ ಅನ್ನೋದನ್ನೂ ನೋಡಿ. ಡೇಟಾ ಸೆಂಟರಿನವರು ಕೆಲವು ವರ್ಷ ದುಡಿಸಿ, ಕರೆಂಟಿನ ಲೆಕ್ಕಕ್ಕೆ ಹೊಸದೇ ವಾಸಿ ಅಂತ ಹಳೇದನ್ನ ಲಾಟುಗಟ್ಟಲೆ ಹೊರಗೆ ಹಾಕ್ತಾರೆ. ಚೀನಾದ ಹೆಸರಿಲ್ಲದ ಬೋರ್ಡುಗಳ ಮೇಲೆ ಕೂತು ಅವು ನಮ್ಮೂರಿಗೆ ಬರ್ತವೆ. 'ಎಕ್ಸ್99' ಅಂತ ಅಚ್ಚಾಗಿದ್ರೂ ಒಳಗಿರೋ ಚಿಪ್‌ಸೆಟ್ಟು ಎಷ್ಟೋ ಸಲ ಬೇರೆ ಯಾವುದೋ ಬೋರ್ಡಿಂದ ಕಿತ್ತಿದ್ದು. ಮರುಬಳಕೆ ಒಳ್ಳೇದೇ, ನಾನೇನು ಹಳೇ ಸಾಮಾನಿನ ವಿರೋಧಿ ಅಲ್ಲ. ನನ್ನ ಮೊದಲ ಕಂಪ್ಯೂಟರೇ ಮೂರನೇ ಕೈಯದು. ಆದ್ರೆ ಇದನ್ನ ಮಾರೋಕೆ ಬಳಸೋದು 'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಅನ್ನೋ ನಮ್ಮ ನಂಬಿಕೆಯನ್ನ. ಸರ್ವರ್ ಅಂದ ತಕ್ಷಣ ಹಳ್ಳಿಯ ಅಪ್ಪನ ಕಣ್ಣಿಗೆ ದೊಡ್ಡದೇನೋ ಕಾಣುತ್ತೆ. ರೇಷನ್ ಅಂಗಡಿಯಲ್ಲಿ 'ಸರ್ವರ್ ಇಲ್ಲ, ನಾಳೆ ಬನ್ನಿ', ನಾಡಕಚೇರಿಯಲ್ಲಿ 'ಸರ್ವರ್ ಡೌನ್' ಅಂತ ಕೇಳಿ ಕೇಳಿ, ಅದು ದೇವಸ್ಥಾನದೊಳಗಿನ ಮೂರ್ತಿ ಅಂತ ಅವರು ತಿಳಿದಿದ್ದಾರೆ. ಆ ಮೂರ್ತಿಯೇ ಮನೆಗೆ ಬರುತ್ತೆ ಅಂದ್ರೆ ಯಾರು ಬೇಡ ಅಂತಾರೆ?

ಅಂಗಡಿಯವನಿಗಿಂತ ನನಗೆ ಸಿಟ್ಟಿರೋದು ನಮ್ಮ ಜಾತಿಯವರ ಮೇಲೆ, ಅಂದ್ರೆ ಸಾಫ್ಟ್‌ವೇರಿನವರ ಮೇಲೆ. ಹುಡುಗ ಅಂಗಡಿಗೆ ಹೋಗೋ ಮುಂಚೆ ಊರಿನ ಇನ್ನೊಬ್ಬ ಇಂಜಿನಿಯರನ್ನ ಕೇಳಿದ್ದನಂತೆ. 'ಜಿಯಾನಾ? ಕಣ್ಮುಚ್ಚಿ ತಗೋ, ನಮ್ಮ ಕಂಪನಿಯಲ್ಲಿ ಎಲ್ಲಾ ಅದರ ಮೇಲೇ ಓಡೋದು' ಅಂದನಂತೆ. ಅಯ್ಯೋ ಮಾರಾಯ, ನಿಮ್ಮ ಕಂಪನಿಯಲ್ಲಿ ಓಡೋದು ನೂರಾರು ಜನರ ಬೇರೆ ಬೇರೆ ರಿಕ್ವೆಸ್ಟು, ಕೊಬ್ಬರಿ ಸುಲಿಯೋ ಕೆಲಸ. ಅಲ್ಲಿ ಯಾರೂ ಎದುರಾಳಿಯ ತಲೆಗೆ ಗುರಿ ಇಡ್ತಿಲ್ಲ.

ಇಷ್ಟು ಹೇಳಿದ ಮೇಲೆ, ಸರ್ವರ್ ಚಿಪ್ಪು ಬೇರೆ, ಡೆಸ್ಕ್‌ಟಾಪ್ ಚಿಪ್ಪು ಬೇರೆ ಅಂತ ಗೋಡೆ ಕಟ್ಟೋದೂ ತಪ್ಪೇ. 2022ರ ಮಾರ್ಚಲ್ಲಿ ಎಎಂಡಿ 768 ಎಂಬಿ ಕ್ಯಾಶಿನ ಎಪಿಕ್ ಸರ್ವರ್ ಚಿಪ್ಪು ಬಿಟ್ಟಿತು, ಕ್ಯಾಶಿನ ಮೇಲೆ ಕ್ಯಾಶ್ ಪೇರಿಸಿ. ಮುಂದಿನ ತಿಂಗಳೇ ಅದೇ ತಂತ್ರದ ರೈಜನ್ 7 5800ಎಕ್ಸ್3ಡಿ ಬಂತು. ಎಂಟೇ ಕೋರು, 96 ಎಂಬಿ ಕ್ಯಾಶು. ಗೇಮಿನವರು ಮುಗಿಬಿದ್ದು ತಗೊಂಡ್ರು. ಹಳೇ ಜಿಯಾನ್ ಇ3-1231 ವಿ3 ಇತ್ತಲ್ಲ, ಅದು ಒಳಗಿನ ಗ್ರಾಫಿಕ್ಸ್ ತೆಗೆದ ಆ ಕಾಲದ ಐ7 ಇದ್ದ ಹಾಗೆ. ಕಡಿಮೆ ಬೆಲೆಗೆ ಗೇಮಿಗೆ ಹಾಕ್ಕೊಂಡವರು ಬುದ್ಧಿವಂತರೇ. 2024ರಲ್ಲಿ ಬಂದ ಎಪಿಕ್ 4004 ಸಾಲಂತೂ ರೈಜನ್ ಕೂರೋ ಎಎಂ5 ಸಾಕೆಟ್ಟಲ್ಲೇ ಕೂರುತ್ತೆ. ಹೆಸರು ಯಾವುದಾದ್ರೂ ಇರಲಿ, ಒಂದು ಕೋರು ಒಂಟಿಯಾಗಿ ಎಷ್ಟು ಓಡುತ್ತೆ, ಕೇಳಿದ ಡೇಟಾ ಎಷ್ಟು ಬೇಗ ಸಿಗುತ್ತೆ ಅನ್ನೋದನ್ನ ಕೇಳಿ. ಅಂಗಡಿಯಲ್ಲಿ ಸಿನೆಬೆಂಚ್ ಓಡಿಸಿ ತೋರಿಸ್ತಾರೆ, ಅಲ್ಲಿ ಎಲ್ಲಾ ಕೋರೂ ಸೇರಿ ಬಂದ ಅಂಕಿ ನೋಡಿ ಬಾಯಿ ಬಿಡಬೇಡಿ. ನೀವು ಆಡೋ ಗೇಮನ್ನೇ ಹಾಕಿಸಿ.

ಹುಡುಗನ ಕಾರ್ಡಿಗೆ ವಾಪಸ್ ಬರ್ತೀನಿ. ತಪ್ಪು ಯಾರದು ಅಂತ ನೋಡೋಕೆ ದುಡ್ಡೇ ಬೇಕಿಲ್ಲ. ಗೇಮಿನ ರೆಸಲ್ಯೂಷನ್ನು, ಗ್ರಾಫಿಕ್ಸ್ ಸೆಟ್ಟಿಂಗು ಎಲ್ಲಾ ತಳಕ್ಕೆ ಇಳಿಸಿದ್ವಿ. ಕಾರ್ಡಿಗೆ ಹೊರೆ ಇಳೀತು. ಅದೇ ಜಾಗ, ಅದೇ ಹೊಗೆ. ತಡವರಿಕೆ ಹಾಗೇ ಇತ್ತು. ಕಾರ್ಡು ತಪ್ಪಿತಸ್ಥ ಆಗಿದ್ರೆ ಅಲ್ಲಿ ಫ್ರೇಮ್ ರೇಟು ಏರಬೇಕಿತ್ತು. ಹುಡುಗ ಸುಮ್ಮನೆ ಪರದೆ ನೋಡ್ತಾ ಕೂತ. 20 ಸಾವಿರ ಹಾಕಿದ್ರೂ ಇದೇ ಆಗ್ತಿತ್ತು ಅಂತ ಅವನಿಗೇ ಗೊತ್ತಾಯ್ತು. ಇನ್ನೊಂದು ಸಂಕಟ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಒಪ್ಪೋ ಚಿಪ್ಪುಗಳ ಪಟ್ಟಿಯಲ್ಲಿ ಇ5 ವಿ4 ಇಲ್ಲ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡೋಕೆ ಟಿಪಿಎಂ 2.0 ಬೇಕೇ ಬೇಕು, ಅದು ಆ ಬೋರ್ಡಲ್ಲಿ ಇರಲಿಲ್ಲ. ಬಿಲ್ಲಿನಲ್ಲಿ ಇದ್ಯಾವುದಕ್ಕೂ ಜಾಗ ಸಿಕ್ಕಿರಲಿಲ್ಲ ಅನ್ಸುತ್ತೆ.

ಅಂಗಡಿಗೆ ಫೋನ್ ಮಾಡಿದೆ. "ಸಾರ್, 28 ಥ್ರೆಡ್ ಹೇಳಿದ್ವಿ, 28 ಥ್ರೆಡ್ ಕೊಟ್ಟಿದೀವಿ" ಅಂದರು. ಏನು ಹೇಳೋದು ಇದಕ್ಕೆ.

ಕೊನೆಗೆ ಬೋರ್ಡು, ಚಿಪ್ಪು, ರ‍್ಯಾಮು ಮೂರನ್ನೂ ನಾನೇ ದುಡ್ಡು ಕೊಟ್ಟು ತಗೊಂಡೆ. ನನಗೆ ವರ್ಚುವಲ್ ಮಷೀನು ಓಡಿಸೋಕೆ, ಕೋಡ್ ಕಂಪೈಲ್ ಮಾಡೋಕೆ ಅದು ನಿಜವಾಗ್ಲೂ ಚೆನ್ನಾಗಿದೆ, 28 ಥ್ರೆಡ್ಡೂ ಬೆವರು ಹರಿಸ್ತವೆ. ಆ ದುಡ್ಡಿಗೆ ಭಾವ ಸ್ವಲ್ಪ ಸೇರಿಸಿ ಹುಡುಗನಿಗೆ ಐ3, ಅದಕ್ಕೆ ತಕ್ಕ ಬೋರ್ಡು, 16 ಜಿಬಿ ರ‍್ಯಾಮ್ ಹಾಕಿಸಿದರು. ಕಾರ್ಡು ಹಳೇದೇ. ಮುಂದೆ ಬೇಕಾದ್ರೆ ಅದೇ ಬೋರ್ಡಿಗೆ 13 ಅಥವಾ 14ನೇ ತಲೆಮಾರಿನ ಐ5 ಕೂರಿಸಬಹುದು.

ಮೊನ್ನೆ ಫೋನ್ ಮಾಡಿದ್ದ. ಹೊಗೆಯೊಳಗೂ ಈಗ ತಡವರಿಸಲ್ವಂತೆ. ಒಂದೇ ಬೇಜಾರಂತೆ. "ಮಾಮ, ಫ್ರೆಂಡ್ಸ್ ಎಷ್ಟು ಕೋರು ಅಂತ ಕೇಳ್ತಾರೆ. ನಾಲ್ಕು ಅಂದ್ರೆ ನಗ್ತಾರೆ ಮಾಮ."